ಎರಡು ಸೀಟಿ

ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು.
ಹತ್ತೊಂಬತ್ತು ವರ್ಷದ ನೌಕರಿಯಲ್ಲಿ
ನನಗೂ ಡ್ರೈವರ್ ಪಂಪಾಪತಿಗೂ ನಡುವೆ
ಇದ್ದ ಭಾಷೆ ಇಷ್ಟೇ.

ಸಿರುಗುಪ್ಪ ಬಿಟ್ಟ ಆರೂವರೆಯ ಗಾಡಿ.
ಕಾಲುವೆ ದಾಟುವ ಮೊದಲೇ ಬ್ರೇಕು.
ಇಳಿಯುವವರು ಯಾರೂ ಇಲ್ಲ.
ತೆಕ್ಕಲಕೋಟೆಯ ಈಚೆ ಮತ್ತೆ ಬ್ರೇಕು.
'ಏನಪಾ, ನಿನ್ನ ಸೀಟಿಗೆ ಹುಚ್ಚು ಹಿಡದೈತೇನು?'
ನನ್ನ ಸೀಟಿ ಜೇಬಿನಲ್ಲಿತ್ತು, ಚಿಲ್ಲರೆಯ ಜತೆ.

ಹಿಂದಿನಿಂದ ಮೂರನೇ ಸಾಲು.
ಮಾಬುನ್ನಿ ಎಂದು ಆಮೇಲೆ ತಿಳಿಯಿತು ಹೆಸರು,
ಅಕ್ಕಿ ಮಿಲ್ಲಿನ ತೌಡು ಇನ್ನೂ ಸೆರಗಿನಲ್ಲಿತ್ತು.
ತೊಡೆಯ ಮೇಲೆ ಎರಡು ವರ್ಷದ ರಾಜಾವಲಿ.
ಉಸಿರೆಳೆದರೆ ಒಂದು ಸೀಟಿ,
ಬಿಟ್ಟರೆ ಇನ್ನೊಂದು, ಸಣ್ಣದು.

ರಬ್ಬರಿನ ಬಾತುಕೋಳಿ, ಅಮುಕಿದರೆ ಕೂಗುವಂಥದು.
ಕೂಗುವ ಬಿಲ್ಲೆ ಕಿತ್ತು ಬಂತು, ಬಾಯಿಗೆ ಹೋಯಿತು,
ಅವನು ನಕ್ಕ, ನಗುವಿನ ಜತೆ ಒಳಗೆ.
ಮೊದಲು ಮನೆಮಂದಿಯೂ ನಕ್ಕರಂತೆ:
'ನೋಡ್ರೇ, ಕೂಸಿನ ಎದ್ಯಾಗೆ ಬಾತುಕೋಳಿ ಕೂಗ್ತೈತೆ!'
ಬಾಳೆಹಣ್ಣು ತಿನ್ನಿಸಿದರಂತೆ. ನೀರು ಕುಡಿಸಿದರಂತೆ.
ಊರಿನ ಡಾಕ್ಟರು ಮಾತ್ರ ನಗಲಿಲ್ಲ.
ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಬಸ್ಸು ಇತ್ತು.
'ಏನೂ ಕೊಡಬೇಡ, ಬಾಯಿಗೆ ಬೆರಳು ಹಾಕಬೇಡ,
ಕೂರಿಸಿಕೊಂಡೇ ಹೋಗು.'

ಪಂಪಾಪತಿಗೆ ಹೇಳಿದೆ.
ಆಮೇಲೆ ಅವನು ಯಾವ ಸೀಟಿಗೂ ನಿಲ್ಲಿಸಲಿಲ್ಲ.
ಸಿರಿಗೇರಿ ಕ್ರಾಸಿನಲ್ಲಿ ಕೈ ಅಡ್ಡ ಹಿಡಿದವರು
ಬೈದದ್ದು ಕನ್ನಡಿಯಲ್ಲಿ ಕಂಡಿತು.
ಹಾಡು ಹಾಕಿಕೊಂಡಿದ್ದ ಹುಡುಗ ತಾನಾಗಿ ಮೊಬೈಲು ಆರಿಸಿದ.

ಸೋಮಸಮುದ್ರದ ಹತ್ತಿರ ಸೀಟಿ ನಿಂತಿತು.

ಬ್ರೇಕು.
ಸದ್ದಿಲ್ಲದ್ದಕ್ಕೆ ಅವನು ಗಾಡಿ ನಿಲ್ಲಿಸಿದ್ದು
ಅಷ್ಟು ವರ್ಷದಲ್ಲಿ ಅದೊಂದೇ ಸಲ.
ಮಗುವಿನ ತುಟಿ ನೇರಳೆಹಣ್ಣು ತಿಂದ ಹಾಗೆ.
ಡಿಪೋದಲ್ಲಿ ಒಂದು ಮಧ್ಯಾಹ್ನ ಗೊಂಬೆಯಿಟ್ಟು ಕಲಿಸಿದ್ದರು,
ನಾನು ಹಿಂದೆ ಕೂತು ತೂಕಡಿಸಿದ್ದೆ.
ಅರ್ಧ ನೆನಪು. ತೊಡೆಯ ಮೇಲೆ ಬೋರಲು ಹಾಕಿ,
ತಲೆ ಕೆಳಗೆ, ಬೆನ್ನಿನ ರೆಕ್ಕೆಗಳ ನಡುವೆ ಅಂಗೈಯ ಬುಡದಿಂದ
ಒಂದು. ಎರಡು. ಮೂರು.
ನಾಲ್ಕಕ್ಕೆ
ಸೀಟಿ.

ಗಾಡಿ ಸ್ಟ್ಯಾಂಡಿಗೆ ಹೋಗಲಿಲ್ಲ, ಬಳ್ಳಾರಿಯ
ದೊಡ್ಡಾಸ್ಪತ್ರೆಯ ಗೇಟಿಗೇ ಹೋಯಿತು.
(ರೂಟು ಬಿಟ್ಟದ್ದಕ್ಕೆ ಮೆಮೋ ಬಂತು. ಇಟ್ಟುಕೊಂಡಿದ್ದೇನೆ.)
ಮತ್ತು ಬರಿಸಿ, ಗಂಟಲಿನೊಳಗೆ ಕೊಳವೆ ಇಳಿಸಿ ತೆಗೆದರಂತೆ,
ಸ್ಟೀಲ್ ಬಟ್ಟಲಲ್ಲಿ ಟಣ್ ಅಂದಿತಂತೆ,
ಕಡಲೆಕಾಳಿಗಿಂತ ಒಂಚೂರು ದೊಡ್ಡದು.

ತಿಂಗಳ ಮೇಲೆ ಟಿಕೆಟು ಕೊಳ್ಳುತ್ತ ಮಾಬುನ್ನಿ ಅಂದಳು:
'ಈಗ ರಾತ್ರಿ ನಿದ್ದೆ ಇಲ್ಲಣ್ಣ. ಉಸಿರು ಕೇಳ್ಸೋದೇ ಇಲ್ಲ.
ಎದ್ದೆದ್ದು ಮೂಗಿನ ಹತ್ರ ಬೆರಳಿಡ್ತೀನಿ.'

ತೆಕ್ಕಲಕೋಟೆಯಲ್ಲಿ ಇಳಿದಳು.
ನಾನು ಎರಡು ಊದಿದೆ.
ಪಂಪಾಪತಿ ಗೇರಿನ ಮೇಲೆ ಕೈಯಿಟ್ಟು
ಒಂದು ಗಳಿಗೆ ಕಾದ,
ಮೂರನೆಯದು ಬರುತ್ತದೇನೋ ಎಂಬಂತೆ.