ಸೇರಿನ ಬಾಯಿ

ಒಲಿ ನಾನಽ ಹಾಕಿದ್ದು.
ಕೆರಿ ಮಣ್ಣು, ಜ್ವಾಳದ ಹೊಟ್ಟು, ಎರಡು ಬುಟ್ಟಿ ಸಗಣಿ,
ಮ್ಯಾಲ ಹಂಚಿಗೊಂದು ಕಣ್ಣು, ಸಾರಿನ ಗಡಿಗಿಗೊಂದು ಕಣ್ಣು.
ಕೆಲವಡಿಯೊಳಗ ಇಂಥಾ ಒಲಿ ಯಾರ ಮನಿಯಾಗೂ ಇಲ್ಲ ಅಂತ
ಸೆಟದು ನಿಂತಿದ್ದೆ,
ಉರಿ ಹಚ್ಚೂ ತನಕ.

ಕೊಳವಿ ಅಂತ ನಿಲ್ಲಿಸಿದ್ದು
ಬೋರಿನಾಗಿಂದ ಎತ್ತಿದ ಹಳೇ ಕಬ್ಬಿಣದ ಪೈಪು,
ಮೂರು ಬೆರಳು ಹೋದರ ನಾಲ್ಕನೇದು ಹೋಗದಂಥಾದ್ದು.
"ಪುಕ್ಕಟೆ ಸಿಕ್ಕೈತಿ" ಅಂದರು ನಮ್ಮವರು.
ಹೊಗಿಗೆ ಪುಕ್ಕಟೆ ಗೊತ್ತಿಲ್ಲ.
ಇಕ್ಕಟ್ಟು ದಾರಿ ನೋಡಿ ಹೊಳ್ಳಿ ಬಂತು
ಕಟ್ಟಿಗಿ ತುರುಕೂ ಬಾಯಿಂದನಽ,
ನನ್ನ ಕಣ್ಣಾಗ, ಹಿಟ್ಟಿನ ಪರಾತದಾಗ,
ತೊಟ್ಟಿಲದಾಗಿನ ಕೂಸಿನ ಮೂಗಿನಾಗ.
ಅತ್ತಿ ಯಂಕವ್ವ ಎಲಿಗೆ ಸುಣ್ಣ ಸವರಿಕೋತ ಅಂದಳು,
"ನಮಗ ಬೆಳಕಿಂಡಿ ಸಾಕಾಗಿತ್ತು.
ಮನಿ ತುಂಬ ಅಡ್ಡಾಡಿ ಹೋಗೂ ಪುರಸೊತ್ತು
ಆವಾಗಿನ ಹೊಗಿಗೆ ಇತ್ತು."

ಎರಡನೇದು ಗುಳೇದಗುಡ್ಡದಿಂದ ಚಕ್ಕಡಿ ಮ್ಯಾಲ ಬಂತು,
ಸಿಮೆಂಟಿನ ಪೈಪು, ಕರುವಿನ ತಲಿ ಹೋಗೂವಷ್ಟು ಅಗಲ.
ಉರಿ ಭರ್ರಂತ ಹೊಂಟಽಹೋತು
ಹಂಚಿನ ಬುಡ ಮಾತಾಡಿಸದಽ,
ಸಿಟ್ಟಿಗೆದ್ದ ಬೀಗರು ಅಂಗಳದಿಂದನಽ ಹೋದಂಗ.
ರೊಟ್ಟಿ ಉಬ್ಬಲಿಲ್ಲ.
ನಾಲ್ಕು ದಿನಕ್ಕ ಬರೂ ಹತ್ತಿಕಟಗಿ ಹೊರಿ
ಒಂದಽ ಹೊತ್ತಿಗೆ ಬೂದಿ.
ಬಾಜೂ ಮಾಳಗಿ ಮ್ಯಾಲ ಕಾಶವ್ವ
ಹಳೇ ಸೀರಿ ಹಾಸಿ ಶಂಡಿಗಿ ಒಣಹಾಕಿದ್ದಳು,
ಕಿಡಿ ಬಿದ್ದು ಸೀರಿಗೆ ತೂತು.
ಆ ತೂತಿನಾಗಿಂದನಽ
ಮೂರು ದಿನ ನನ್ನ ನೋಡಿದಳು.

ಲಾಲಸಾಬ ಬಂದದ್ದು ಕೊಡಕ್ಕ ಬೆಸಿಗಿ ಹಾಕಾಕ.
ಒಲಿ ಮುಂದ ಕುಕ್ಕರಗಾಲಿಲೆ ಕೂತು
ಬಾಯಾಗ ಕೈ ಹಾಕಿದ, ಗಂಟಲದಾಗ ಹಾಕಿದ,
ಎಮ್ಮಿ ನೋಡೂ ಡಾಕ್ಟರನಂಗ.
"ಸೇರು ತಾರವ್ವ" ಅಂದ.
ಜ್ವಾಳ ಅಳಿಯೂ ಹಿತ್ತಾಳಿ ಸೇರು, ಅತ್ತಿ ತವರಿನದು.
"ಇದು ಒಲಿ ಬಾಯಾಗ ಹಾಯಬೇಕು,
ಹಂಚಿನ ಕೆಳಗಿನ ಗಂಟಲದಾಗ ಹಾಯಬೇಕು,
ಕೊಳವ್ಯಾಗ ಹಾಯಬೇಕು.
ಎಲ್ಲೂ ಸಿಗಬೀಳಬಾರದು,
ಎಲ್ಲೂ ಒಳಗ ಬಿದ್ದು ಉಳ್ಳಾಡಬಾರದು.
ಎಷ್ಟು ಉಸಿರು ಒಳಗೋ ಅಷ್ಟಽ ಹೊರಗ."
"ಎತ್ತರ?"
"ಕಾಶವ್ವನ ಕುಂಬಿ ದಾಟಿ ಎರಡು ಮೊಳ.
ಗಾಳಿ ಆಕಿ ಗ್ವಾಡಿಗೆ ಬಡದು ಹೊಳ್ಳಿದರ
ಹೊಗಿ ನಿನಗಽ ಬೀಗತಿ."

ಎಣ್ಣಿ ಡಬ್ಬಿ ಸೀಳಿ, ಸೇರಿಗೆ ಸುತ್ತಿ,
ಅಂಚು ಮಡಚಿ ಮಡಚಿ ಬಡದ.
ಬೆಸಿಗಿ ಹಾಕಲಿಲ್ಲ, ಕಾಯ್ದರ ಕರಗತೈತಿ ಅಂದ.
ಮಾಳಗಿ ಮ್ಯಾಲ ಈಗ ನಮ್ಮ ಕೊಳವಿ,
ಡಬ್ಬಿ ಮ್ಯಾಲಿನ ಸೂರ್ಯಕಾಂತಿ ತಲಿಕೆಳಗ ಮಾಡಿ
ನಿಂತೈತಿ.

ರೊಟ್ಟಿ ಉಬ್ಬಿದವು. ಕೂಸು ಕೆಮ್ಮಲಿಲ್ಲ.
ಇಲ್ಲಿಗೆ ಮುಗೀಬೇಕಿತ್ತು.

ಶ್ರಾವಣದಾಗ ಒಂದು ಮುಂಜಾನೆ ಅತ್ತಿ
ಏನೂ ಅನ್ನದಽ ಅಂಗೈ ಚಾಚಿದಳು.
ಅಂಗೈಯಾಗ ಹಳದಿ ಹುಡಿ.
ಜಂತಿ ಉದರಾಕ ಹತ್ತಿತ್ತು,
ಒಲಿ ಮ್ಯಾಲ ಬಿತ್ತಾಕಂತ ತೂಗಹಾಕಿದ್ದ
ಗ್ವಂಜಾಳ ತೆನಿಯೊಳಗ ನುಸಿ ಸಂಸಾರ ಹೂಡಿತ್ತು.
ನಲವತ್ತು ವರ್ಷ ಹೊಗಿ ಮಾಡಿದ ಕೆಲಸ
ಯಾರೂ ಲೆಕ್ಕ ಬರದಿಟ್ಟಿರಲಿಲ್ಲ.
ನಾನು ಹೊರಗ ಹಾಕಿದ ಮ್ಯಾಲ ಗೊತ್ತಾತು.

ಲಾಲಸಾಬನ ಕಡೆ ಹೋಗಿ
ಕೊಳವಿಯ ಕೊಳ್ಳಾಗ ಒಂದು ಸೀಳು ಮಾಡಿಸಿ
ತಗಡಿನ ಬಿಲ್ಲಿ ತಂದೆ.
ಅಮಾಸಿಗೊಮ್ಮೆ ಹುಡುಗರನ್ನ ಹೊರಗ ಕಳಿಸಿ,
ಬೆಳಕಿಂಡಿ ತೆರದು,
ಬಿಲ್ಲಿ ಅರ್ಧ ತುರುಕತೀನಿ.
ಹೊಗಿ ಹೆದರಿಕೋತ ಇಳೀತೈತಿ,
ಜಂತಿ ಜಂತಿ ಮುಟ್ಟಿ ನೋಡತೈತಿ,
ತೆನಿ ಗುರುತು ಹಿಡೀತೈತಿ.
ಅತ್ತಿ ಆವಾಗ ಹೊರಗ ಬರೂದಿಲ್ಲ, ಕರದರೂ.

ಸೇರಿನ ಅಂಚಿಗೆ ಮಸಿ ಉಳಕೊಂಡೈತಿ.
ಹುಣಸಿಹಣ್ಣು ಹಚ್ಚಿ ತಿಕ್ಕಲಿ ಅಂದರ ಬ್ಯಾಡ ಅಂತಾಳ.
ಚೀಲದ ಬಾಯಿ ಬಿಚ್ಚಿ, ಜ್ವಾಳ ತುಂಬಿ,
ಅಂಗೈಲೆ ಒರಸಿ ಸಮ ಮಾಡಿ ಎಣಸತಾಳ,
ಒಂದು ಅನ್ನೂ ಹಂಗಿಲ್ಲಲ್ಲ,
"ಲಾಭ,
ಎರಡು,
ಮೂರು..."