ಹಿಂಬದಿಯ ನಂಬರು

ನನ್ನ ಪುಸ್ತಕಕ್ಕೆ ಬೆನ್ನುಡಿ ಬರೆದವರಿಲ್ಲ.
ಬೆನ್ನಿಗೆ ನನ್ನ ಫೋನ್ ನಂಬರೊಂದೇ, ದಪ್ಪಕ್ಷರದಲ್ಲಿ.
ಕಾನೋದಲ್ಲಿ ಪ್ರೇಮದ ಕತೆ ಬರೆಯುವ ನಾವು ಕೆಲವರು
ಹೀಗೇ ಮಾಡುತ್ತೇವೆ. ಅಚ್ಚಿನ ಗರ್ಬಾ ನಗುತ್ತಾನೆ:
'ಗಂಡನಿರುವವಳು, ಊರಿಗೆಲ್ಲ ನಂಬರು ಹಂಚುತ್ತೀಯಲ್ಲ!'
ಎರಡು ಪಿನ್ನು ಹೊಡೆದ ಅರುವತ್ತು ಪುಟ.
ಸಂತೆಯಲ್ಲಿ ಸೋಪಿನ ಪಕ್ಕ ಇಟ್ಟು ಮಾರುತ್ತಾರೆ.
ನನ್ನ ಪ್ರೇಮಿಗಳಿಗೆಲ್ಲ ಅದೇ ವಾಸನೆ.

ಕರೆಗಳು ಬರುತ್ತವೆ.
'ದೊಡ್ಡ ಸವತಿಗೆ ಕೊನೆಗೂ ಬುದ್ಧಿ ಬಂತೇ?' ಎನ್ನುತ್ತಾಳೆ ಒಬ್ಬಳು,
ನನ್ನ ಸ್ವಂತ ಸವತಿಯನ್ನು ವಿಚಾರಿಸುವಂತೆ.
ಇನ್ನೊಬ್ಬಳು ಬರೀ ಅಳುತ್ತಾಳೆ,
ನಾನು ಒಲೆಯ ಮೇಲಿಟ್ಟ ಎಸರು ಇಂಗುವ ತನಕ.
ಒಬ್ಬ ಪೊಲೀಸಪ್ಪ, ಹೆಂಡತಿಗಾಗಿ ಎಂದು ಸುಳ್ಳು ಹೇಳಿ,
ಮುಂದಿನ ಭಾಗ ಯಾವಾಗ ಅಂತ ಕೇಳಿದ.

ಗುರುವಾರಕ್ಕೊಂದು ಮಿಸ್ಡ್ ಕಾಲ್ ಮಾತ್ರ
ಒಂದೇ ಸಲ ರಿಂಗಾಗಿ ನಿಲ್ಲುತ್ತಿತ್ತು,
ಜನರೇಟರು ಕೆಮ್ಮಿ ಮಲಗುವ ಹೊತ್ತಿಗೆ.
ಆರು ವಾರ ಸುಮ್ಮನಿದ್ದೆ. ಏಳನೆಯದಕ್ಕೆ ನಾನೇ ತಿರುಗಿ ಮಾಡಿದೆ.

'ನಾನು ಡೇಲು, ಕುರ್ನಾದವಳು. ಕುಲಿಕುಲಿ ಕರಿದು ಮಾರುತ್ತೇನೆ.
ನನಗೆ ಓದು ಬರುವುದಿಲ್ಲ, ಮಾಲಮಾ. ಮಗಳು ಓದುತ್ತಿದ್ದಳು,
ನಾವು ಒಂಬತ್ತು ಜನ ಶೇಂಗಾ ನಾದುತ್ತ ಕೇಳುತ್ತಿದ್ದೆವು.
ಈಗ ಅವಳನ್ನು ಕಟ್ಸಿನಾಕ್ಕೆ ಮದುವೆ ಮಾಡಿ ಕೊಟ್ಟಾಯಿತು.
ನಾಲ್ಕನೆಯ ಭಾಗ ತಂದಿಟ್ಟಿದ್ದೇನೆ, ಹಿಟ್ಟಿನ ಡಬ್ಬದ ಮೇಲೆ.
ಅದು ನಮ್ಮನ್ನು ನೋಡುತ್ತದೆ, ನಾವು ಅದನ್ನು.'

ಓದುವವರನ್ನು ಕಾಯಿಸು, ಆಗಲೇ ರುಚಿ
ಎಂದು ಹಿರಿಯಳೊಬ್ಬಳು ಹೇಳಿಕೊಟ್ಟಿದ್ದಳು.
ಕಾಯಿಸಿದ್ದೆ. ಹೀಗೆ ಕಾಯುತ್ತಾರೆಂದು ಗೊತ್ತಿರಲಿಲ್ಲ.

ಹೋದೆ. ಹರ್ಮಟ್ಟಾನ್ ಗಾಳಿಯ ಧೂಳಿಗೆ ಮಿನಾರು ಅರ್ಧ ಅಳಿಸಿಹೋಗಿತ್ತು.
ಚಾಪೆ ಹಾಸಿದರು. ಸಜ್ಜೆಯುಂಡೆ ಕದಡಿದ ಮೊಸರು ಕೊಟ್ಟರು.
ಯಾರೂ ಮುಖ ನೋಡಲಿಲ್ಲ, ಕೈ ನೋಡಿದರು.
'ಇದೇ ಕೈಯಾ ಆ ಮಗುವನ್ನು ಕೊಂದದ್ದು?' ಎಂದಳು ಮುದುಕಿ.
ಎರಡನೆಯ ಭಾಗ, ಮೂವತ್ತನೆಯ ಪುಟ. ತಲೆ ತಗ್ಗಿಸಿದೆ.

ಓದತೊಡಗಿದೆ:
'ಗಂಡನ ಮನೆಗೆ ಮರಳಿದ ಜುಮ್ಮೈ, ಹೊಸ್ತಿಲಲ್ಲಿ ನಿಂತು...'
ಹದಿನೆಂಟು ಕೈಗಳೂ ನಿಂತವು.

'ಮರಳಿದಳೇ? ಯಾವಾಗ?
ಜುಮ್ಮೈ ಈರುಳ್ಳಿ ಲಾರಿ ಹತ್ತಿದಳಲ್ಲ, ಮೂರನೆಯದರ ಕೊನೆಗೆ!
ಮೂಟೆಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು,
ಕೇಳಿದ ಡ್ರೈವರನಿಗೆ ಈರುಳ್ಳಿಯ ಘಾಟು ಎಂದಳು.
ನಮಗೆಲ್ಲ ಬಾಯಿಪಾಠ.'

ನಾನು ಯಾವ ಲಾರಿಯನ್ನೂ ಬರೆದವಳಲ್ಲ.
ಡೇಲು ಬಾಂಡಲೆಯ ಎಣ್ಣೆಯನ್ನೇ ನೋಡುತ್ತ ಕೂತಳು,
ಗೊತ್ತಿತ್ತೋ ಏನೋ.
ಆ ಹುಡುಗಿ, ಮದುವೆಯ ದಿನ ಗೊತ್ತಾಗಿದ್ದವಳು,
ತಾಯಿಯ ಎದುರಿಗೆ, ಕಣ್ಣು ಅಕ್ಷರದ ಮೇಲೇ ಇಟ್ಟು
ನನ್ನ ಪುಟದಿಂದ ನನ್ನದಲ್ಲದ ಸಾಲು ಓದಿದ್ದಳು.

ಏನು ಮಾಡಲಿ? ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ.
ಲಾರಿ ಹೊರಟಿತು. ಜಾರಿಯಾ ದಾಟಿತು.
ಬೆವರುತ್ತ ಅರುವತ್ತು ಪುಟ ಸುಳ್ಳು ಓದಿದೆ.
ತಡವರಿಸಿದಲ್ಲಿ ಅವರೇ ದಾರಿ ತೋರಿದರು:
'ಅಲ್ಲಿ ನಿಲ್ಲಿಸು, ಅವಳಿಗೆ ಹಸಿವಾಗಿದೆ.'

ಮನೆಗೆ ಬಂದು ಮುಸುಕಿನ ಧೂಳು ಕೊಡವುತ್ತಿದ್ದೆ.
ಗುರುತಿಲ್ಲದ ನಂಬರು, ಒಂದೇ ರಿಂಗು.
ತಿರುಗಿ ಮಾಡಿದರೆ ಪಿಸುದನಿ:
'ಅವರಿಗೆ ಹೇಳಿಬಿಟ್ಟಿರಾ?'

ಇಲ್ಲ ಎಂದೆ.
ಉಸಿರು ಬಿಟ್ಟದ್ದು ಕೇಳಿಸಿತು. ಹಿಂದೆ ಯಾರೋ ಪಾತ್ರೆ ತಿಕ್ಕುವ ಸದ್ದು.
'ಮತ್ತೆ... ಲಾರಿ ಈಗ ಎಲ್ಲಿದೆ?'