ಹನ್ನೊಂದು ಜಾಕೆಟ್ಟಿನ ಕೂಲಿ

ದೋಣಿ ಕ್ಲಬ್ಬಿನ ಹುಡುಗ ದ್ಯಾಮೇಶ
ಗೋಣಿಚೀಲದಲ್ಲಿ ತುಂಬಿ ತಂದಿದ್ದ
ಪಟ್ಟಿ ಕಿತ್ತ ಹನ್ನೊಂದು ಲೈಫ್ ಜಾಕೆಟ್ಟು.
ಮೂರು ದಿನ ಯಗಚಿಯ ಪಾಚಿ ವಾಸನೆ ಅಂಗಡಿ ತುಂಬ;
ರವಿಕೆಗೆಂದು ಬಂದವರು
ಮೂಗು ಮುಚ್ಚಿಕೊಂಡೇ ಅಳತೆ ಕೊಟ್ಟರು.

ದಪ್ಪ ಸೂಜಿ, ಚಪ್ಪಲಿ ಹೊಲಿಯುವ ಕರೀ ದಾರ,
ಬಕಲ್ಲಿನ ಬುಡಕ್ಕೆ ಎರಡೆರಡು ಸಲ ಹಿಂದೆ ಮುಂದೆ.
ಐನೂರೈವತ್ತಾಯಿತು. ಮುಂದಿನ ವಾರ ಅಂದ.
ಅದರ ಮುಂದಿನ ವಾರ ಅಂದ.
ದುಡ್ಡು ಬೇಡ, ಆ ಹಳದಿಯದರಲ್ಲಿ ಕೂರಿಸು ಅಂದೆ,
ಕಾಲಲ್ಲಿ ತುಳಿಯೋದು ಇದೆಯಲ್ಲ, ಕಯಾಕು, ಅದು.
ನಕ್ಕ.
ಇಪ್ಪತ್ತೊಂಬತ್ತು ವರ್ಷ ತುಳಿದ ಕಾಲು ಕಣೋ ಇದು,
ನಿನ್ನ ವಯಸ್ಸಿಗಿಂತ ಹೆಚ್ಚು.

ತುಳಿದೆ. ಹೋಯಿತು. ಎಡಕ್ಕೆ ಹೋಯಿತು.
ಪಕ್ಕದಲ್ಲಿ ಬೆರಳುದ್ದದ ಹಿಡಿ, ಅದೇ ಚುಕ್ಕಾಣಿಯಂತೆ;
ಎಳೆದರೆ ಸುಮ್ಮನಿತ್ತು,
ಇನ್ನಷ್ಟು ಎಳೆದರೂ ಸುಮ್ಮನೆ,
ಆಮೇಲೆ ಒಟ್ಟಿಗೇ ತಿರುಗಿ
ಜೊಂಡಿನೊಳಕ್ಕೆ ಮೂತಿ ತೂರಿಸಿತು.
ಹಿಂದಕ್ಕೆ ತಳ್ಳಿಸಿಕೊಂಡು ಮತ್ತೆ ತುಳಿದೆ, ಈ ಸಲ ಬಲಕ್ಕೆ.
ಬಟ್ಟೆ ಹಾಗಲ್ಲ, ಬೆರಳು ಹೇಳಿದ ಗಳಿಗೆಗೇ ಕೇಳುತ್ತೆ.
ನೀರು ಕೇಳಿಸಿಕೊಂಡು, ಯೋಚಿಸಿ, ಆಮೇಲೆ ಹೊರಡುತ್ತೆ,
ನಮ್ಮ ಅತ್ತೆಯ ಹಾಗೆ.

ಮೂತಿ ನೋಡಬೇಡಿ ಆಂಟಿ, ದೂರ ನೋಡಿ,
ಆ ಒಣಮರ ನೋಡಿ, ಎಂದು ದಡದಿಂದ ಕೂಗಿದ.
ನನಗೇ ಹೇಳಿಕೊಡುತ್ತಾನೆ!
ಕಲಿಯಲು ಬಂದ ಹುಡುಗಿಯರಿಗೆಲ್ಲ ಗದರುತ್ತಿದ್ದವಳು ನಾನು:
ಸೂಜಿ ನೋಡಬೇಡ್ರೇ, ಅದೆಲ್ಲಿಗೂ ಹೋಗಲ್ಲ,
ಬರೋ ಬಟ್ಟೆ ನೋಡಿ.

ನೀರಲ್ಲಿ ನಿಂತ ಒಣಮರದ ಮೇಲೆ ನೀರುಕಾಗೆಯೊಂದು
ಒಗೆದ ರವಿಕೆ ಒಣಹಾಕಿದಂತೆ ರೆಕ್ಕೆ ಹರವಿತ್ತು.
ಅದಕ್ಕೇ ಕಣ್ಣು ನೆಟ್ಟು, ಎರಡೇ ಬೆರಳಲ್ಲಿ
ಹಿಡಿಯನ್ನು ಕೂದಲೆಳೆಯಷ್ಟು ಸರಿಸಿ
ಕಾದೆ.
ಎಂಟು ತುಳಿತ. ಹತ್ತು. ಹದಿನಾಲ್ಕು.

ಆಗ ಅಡ್ಡಗಾಳಿ.
ಮೂತಿ ಮರಕ್ಕೇ ಇದ್ದರೂ ದೋಣಿ ಪಕ್ಕಕ್ಕೆ ಜಾರುತ್ತಿದೆ,
ಮೆಷಿನ್ನಿನಡಿ ಸ್ಯಾಟಿನ್ ಜಾರುವ ಹಾಗೆ.
ಸ್ಯಾಟಿನ್ನಿಗೆ ಏನು ಮಾಡ್ತೀನಿ? ಒಂದೆಳೆ ಓರೆ ಹಿಡೀತೀನಿ.
ಹಿಡಿದೆ. ಹಕ್ಕಿಯನ್ನು ಬಿಟ್ಟು ಅದರ ಎಡಕ್ಕೆ,
ಏನೂ ಇಲ್ಲದ ಕಡೆಗೆ, ಗಾಳಿಗೆ ಮುಖ ಕೊಟ್ಟು
ಓರೆಯಾಗಿ ಕೂತೇ ನೇರ ಹೋದೆ.

ಹಕ್ಕಿ ಹಾರಿತು. ಆಗ ದಡ ನೋಡಿದೆ.
ದ್ಯಾಮೇಶ ಗುಂಡಿಯಷ್ಟಾಗಿದ್ದ.
ಕೆಳಗೆ ಎಷ್ಟು ಆಳವೋ. ಈಜು ಬರಲ್ಲ ನನಗೆ.
ಬೆರಳು ತಾನಾಗಿ ಎದೆಯ ಬಕಲ್ಲಿಗೆ ಹೋಯಿತು,
ಹೊಲಿಗೆ ತಡವಿ ನಿಂತಿತು.
ಗುರುತು ಸಿಕ್ಕಿತು. ಒಂಬತ್ತನೆಯದು ಇದು.
ಕರೀ ದಾರ ಮುಗಿದ ರಾತ್ರಿ, ನಾಳೆ ತರೋಣವೆನ್ನದೆ,
ರವಿಕೆಯ ದಾರವನ್ನೇ ನಾಲ್ಕೆಳೆ ಮಾಡಿ ಹೊಲಿದು
ಮೇಲೆ ಮಸಿಪೆನ್ನು ಬಳಿದದ್ದು.
ಯಾರಿಗೂ ಹೇಳಿರಲಿಲ್ಲ.

ಮೆಲ್ಲಗೆ ಜಗ್ಗಿ ನೋಡಿದೆ. ಹಿಡಿದಿತ್ತು.
ಮತ್ತೆ ಜಗ್ಗುವ ಧೈರ್ಯವಾಗಲಿಲ್ಲ.

ಬರುವಾಗ ದೋಣಿ ನೇರ ಬಂತೋ ಸೊಟ್ಟ ಬಂತೋ
ನನಗೆ ಗೊತ್ತಿಲ್ಲ. ದಡದ ಟೈರಿಗೆ ಡಿಕ್ಕಿ ಹೊಡೆದೇ ನಿಂತಿತು.
ಪಾಸಾದ್ರಿ ಆಂಟಿ, ಅಂದ ದ್ಯಾಮೇಶ,
ಜಾಕೆಟ್ಟಿಗೆ ಕೈ ನೀಡಿದ.
ಕೊಡಲಿಲ್ಲ.
ಕಂಕುಳಿಗೆ ಸಿಕ್ಕಿಸಿಕೊಂಡು, ನೀರು ಸೋರಿಸುತ್ತ,
ಬೇಲೂರಿನ ಆಟೋ ಹತ್ತಿದೆ.
ಇದೊಂದು ನಾಳೆ ಬಂದು ತಗೊಂಡು ಹೋಗು.